ಮಂಡಿ ನೋವಿಗೆ ಒಳ್ಳೆಯ ಗಿಡ

ಊಟಕ್ಕೆ ಕೂತಾಗ ನನ್ನ ತಟ್ಟೆ ಬಿಟ್ಟು ಎದುರಿಗೆ ಕೂತವರ ಮುಖ ನೋಡುವ ಚಾಳಿಯೊಂದು ನನಗೆ ಅಂಟಿಕೊಂಡಿದೆ. ಮದುವೆ ಮನೆಯಾದರೂ ಅಷ್ಟೇ, ಮುಳಬಾಗಿಲಿನ ಹೋಟೆಲಾದರೂ ಅಷ್ಟೇ. ಅವರು ತುತ್ತು ನುಂಗುತ್ತಾರೆ, ನಾನು ಅವರ ಗಂಟಲು ನೋಡುತ್ತೇನೆ. ಯಾರಾದರೂ ಕೆಮ್ಮಿದರೆ ನನ್ನ ಎದೆ ಧಸಕ್ಕೆನ್ನುತ್ತದೆ. ಹೋದ ತಿಂಗಳು ಶ್ರೀನಿವಾಸಪುರದ ನಮ್ಮ ಬೀಗರ ಮನೆಯಲ್ಲಿ ಬೀಗಿತ್ತಿಯವರು ಮೆಣಸಿನಕಾಯಿ ಕಚ್ಚಿ ಕಣ್ಣೊರೆಸಿಕೊಂಡರು. ನಾನು ಎಂಜಲು ಕೈಯಲ್ಲೇ ಎದ್ದು ನಿಂತು, "ತಲೆ ಸುತ್ತುತ್ತಾ? ನಾಲಿಗೆ ಉರೀತಾ?" ಎಂದು ಕೇಳಿಬಿಟ್ಟೆ. ಪಂಕ್ತಿಗೆ ಪಂಕ್ತಿಯೇ ತಿರುಗಿ ನೋಡಿತು. ಪಾಪ, ವಯಸ್ಸಾಯಿತು ಎಂದುಕೊಂಡರು. ವಯಸ್ಸಿಗೂ ಇದಕ್ಕೂ ಸಂಬಂಧವಿಲ್ಲ. ಇದು ನನಗೆ ಒಂದು ಹೂವಿನ ಗಿಡದಿಂದ ಬಂದ ಕಾಯಿಲೆ. ಇಷ್ಟು ದಿನ ಯಾರಿಗೂ ಪೂರ್ತಿ ಹೇಳಿರಲಿಲ್ಲ. ನಿಮ್ಮ ಮುಂದೆ ಹೇಳಿ ಹಗುರಾಗೋಣ ಎಂದು ಕೂತಿದ್ದೇನೆ.

ಗಿಡದ ಹೆಸರು ಕೊಲಂಬೈನ್. ನಮ್ಮ ಸೀಮೆಯಲ್ಲಿ ಯಾರೂ ಬೆಳೆಯುವುದಿಲ್ಲ, ಬೆಳೆಯಲೂಬಾರದು. ಅದು ಚಳಿ ಗಿಡ. ನಮ್ಮದು ದೇವರಾಯಸಮುದ್ರದ ಹತ್ತಿರದ ಹಳ್ಳಿ. ರಾಗಿ, ಟೊಮೆಟೊ, ಹಿಪ್ಪುನೇರಳೆ ಬಿಟ್ಟರೆ ಬಿಸಿಲು ಬೆಳೆಯುವ ಊರು. ಅಂಥ ಕಡೆ ಈ ಗಿಡ ಹೇಗೆ ಬಂತೆಂದರೆ, ನಾನು ಕದ್ದು ತಂದೆ.

ಮೂರು ವರ್ಷದ ಹಿಂದೆ ನಮ್ಮೂರಿನವರೆಲ್ಲ ಸೇರಿ ಒಂದು ಬಸ್ಸು ಮಾಡಿಕೊಂಡು ಊಟಿಗೆ ಹೋಗಿದ್ದೆವು. ಎಸ್ಸೆಸ್ಸೆಲ್ಸಿ ಪಾಸಾದವನು, ನಾಲ್ಕು ಮಾತು ಬಲ್ಲವನು ಎಂದು ನನ್ನನ್ನೇ ಮುಂದಾಳು ಮಾಡಿದ್ದರು. ಅಲ್ಲಿನ ಹೂದೋಟದ ಬಾಗಿಲಲ್ಲಿ ಎಲ್ಲರನ್ನೂ ನಿಲ್ಲಿಸಿ, "ಯಾರೂ ಒಂದು ಎಲೇನೂ ಮುಟ್ಟಬಾರದು, ಊರಿನ ಮಾನ ಉಳಿಸಿ" ಎಂದು ಐದು ನಿಮಿಷ ಭಾಷಣ ಮಾಡಿದೆ. ಗುಲಾಬಿಯ ಕಡೆ ಕೈ ಚಾಚಿದ ಒಬ್ಬ ಹೆಣ್ಣುಮಗಳನ್ನು ಅವಳ ಗಂಡನ ಎದುರೇ ಗದರಿದೆ. ಅದಾಗಿ ಅರ್ಧ ಗಂಟೆಗೆ ಒಂದು ಮೂಲೆಯಲ್ಲಿ ಆ ಹೂವು ಕಂಡಿತು. ತಲೆ ತಗ್ಗಿಸಿ ನಿಂತ ನೇರಳೆ ಹೂವು. ಒಳಗೊಂದು ಬಿಳಿ ಬಟ್ಟಲು, ಬೆನ್ನಿನ ಕಡೆ ಐದು ಸಣ್ಣ ಕೊಂಡಿಗಳು. ಬೈಸಿಕೊಂಡು ನಿಂತ ಹುಡುಗಿಯ ಹಾಗಿತ್ತು. ಪಕ್ಕದಲ್ಲೇ ಒಣಗಿದ ಕಾಯಿಗಳು ಬಾಯಿ ಬಿಟ್ಟುಕೊಂಡಿದ್ದವು, ಒಳಗೆ ಕಪ್ಪಗೆ ಮಿಂಚುವ ಬೀಜ. ನಾನು ಬಗ್ಗಿ ನೋಡುತ್ತಿದ್ದುದನ್ನು ಕಂಡ ಅಲ್ಲಿನ ಮಾಲಿ ಹತ್ತಿರ ಬಂದು ಹೆಸರು ಹೇಳಿದ. ಬೀಜವನ್ನು ತಿಂಗಳುಗಟ್ಟಲೆ ಚಳಿಯಲ್ಲಿಟ್ಟು ಬಿತ್ತಬೇಕು ಎಂದ. ಆಮೇಲೆ, "ನೋಡೋಕೆ ಚೆಂದ ಯಜಮಾನ್ರೇ. ಬಾಯಿಗೆ ಮಾತ್ರ ಹಾಕ್ಕೋಬೇಡಿ, ವಿಷ" ಎಂದು ನಕ್ಕು ಅತ್ತ ಹೋದ.

ಅವನು ಬೆನ್ನು ತಿರುಗಿಸಿದ್ದೇ ತಡ, ನಾಲ್ಕು ಕಾಯಿ ನನ್ನ ಬನಿಯನ್ನಿನ ಜೇಬಿಗೆ ಇಳಿದವು. ವಾಪಸು ಬರುವಾಗ ಘಾಟಿಯ ಪ್ರತಿ ತಿರುವಿನಲ್ಲೂ ಯಾರೋ ಬಸ್ಸು ನಿಲ್ಲಿಸಿ ಜೇಬು ತಡಕುತ್ತಾರೆಂದು ನಾನು ಬೆವರಿದೆ. ಬನಿಯನ್ನಿಗೆ ಜೇಬು ಹೊಲಿಸಿಕೊಟ್ಟವಳು ನಮ್ಮ ಅಕ್ಕ. ಪೇಟೆಯಲ್ಲಿ ದುಡ್ಡು ಕಳೆದುಕೊಂಡು ಬರುತ್ತೇನೆಂದು ಅವಳಿಗೆ ಭಯ. ಕದ್ದ ಮಾಲು ಇಟ್ಟುಕೊಳ್ಳಲಿ ಎಂದಲ್ಲ.

ಅಕ್ಕನ ವಿಷಯ ಹೇಳಬೇಕು. ವೆಂಕಟಮ್ಮ ಅಂತ ಹೆಸರು. ನನಗಿಂತ ಆರು ವರ್ಷಕ್ಕೆ ದೊಡ್ಡವಳು. ಗಂಡ ತೀರಿಕೊಂಡ ಮೇಲೆ ನಮ್ಮ ಮನೆಗೆ ಬಂದಳು. ನನ್ನ ಹೆಂಡತಿ ಹೋದ ಮೇಲೆ ಮನೆಯೇ ಅವಳದಾಯಿತು. ನನ್ನ ಮಗ ಮಂಜುವಿಗೆ ಹೆದ್ದಾರಿಯಲ್ಲಿ ಟೈರು ಅಂಗಡಿ, ಸೊಸೆ ಸುಮಿತ್ರ ಪಕ್ಕದ ಊರಿನ ಅಂಗನವಾಡಿಯಲ್ಲಿ ಟೀಚರ್. ಇಬ್ಬರೂ ಬೆಳಿಗ್ಗೆ ಹೋದರೆ ಸಂಜೆ ಬರುವುದು. ಅಡುಗೆ ಅಕ್ಕನದು.

ಅಡುಗೆಯಲ್ಲಿ ಅವಳ ಹೆಸರು ನಿಂತಿರುವುದು ಬೆರಕೆ ಸೊಪ್ಪಿನಿಂದ. ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ, ಬೇರೆಯವರಿಗೆ ಹೇಳುತ್ತೇನೆ. ಹೊಲದ ಬದು, ಕೆರೆಯ ಅಂಚು, ಬಾವಿಯ ಹಿಂಭಾಗ ಎಲ್ಲ ತಿರುಗಿ, ತಾನಾಗಿ ಹುಟ್ಟಿದ ಹತ್ತಾರು ಬಗೆಯ ಸೊಪ್ಪನ್ನು ಚಿವುಟಿ ತಂದು, ಬೇಳೆಯ ಜೊತೆ ಬೇಯಿಸಿ, ಕಡಗೋಲಿನಲ್ಲಿ ಮಸೆದು ಮಾಡುವ ಸಾರು ಅದು. ಅಣ್ಣೆ, ಹೊನಗೊನ್ನೆ, ಗೋಣಿ, ಕುಂಬಳದ ಕುಡಿ, ನುಗ್ಗೆ ಚಿಗುರು, ಜೊತೆಗೆ ನನಗೆ ಹೆಸರು ಗೊತ್ತಿಲ್ಲದ ಇನ್ನೆಷ್ಟೋ. ಒಂದೊಂದೇ ಸೊಪ್ಪು ಹಾಕಿದರೆ ಅದು ಬರೀ ಸಾರು. ಎಲ್ಲ ಬೆರೆತರೆ ಮುದ್ದೆ ತಾನಾಗಿ ಜಾರುತ್ತದೆ. ಅಕ್ಕ ಸೊಪ್ಪನ್ನು ಕಣ್ಣಿನಿಂದ ಆರಿಸುತ್ತಿರಲಿಲ್ಲ. ಬೆರಳಲ್ಲಿ ಉಜ್ಜಿ ಮೂಗಿಗೆ ಹಿಡಿದರೆ ಮುಗಿಯಿತು. ನಾನು ಐದಾರು ವರ್ಷದವನಿದ್ದಾಗ ಅವಳ ಲಂಗದ ತುದಿ ಹಿಡಿದುಕೊಂಡು ಕೆರೆ ಕಡೆ ಹೋಗುತ್ತಿದ್ದೆ. ಹುಲ್ಲನ್ನೂ ಸೊಪ್ಪೆಂದು ಕಿತ್ತು ಅವಳ ಮಡಿಲಿಗೆ ತುಂಬುತ್ತಿದ್ದೆ. ಅವಳು ಸುಮ್ಮನೆ ತೆಗೆದು ಬಿಸಾಡುತ್ತಾ ಮುಂದೆ ಹೋಗುತ್ತಿದ್ದಳು, ಬೈಯುತ್ತಿರಲಿಲ್ಲ. ಮನೆಗೆ ಬಂದು, ಅರ್ಧ ಸೊಪ್ಪು ನಾನೇ ಕಿತ್ತದ್ದು ಎಂದು ಅಮ್ಮನ ಹತ್ತಿರ ಕೊಚ್ಚಿಕೊಳ್ಳುತ್ತಿದ್ದೆ. ಆಗಲೂ ಸುಮ್ಮನಿರುತ್ತಿದ್ದಳು. ಹೀಗೆ ನನ್ನ ಸುಳ್ಳುಗಳು ಅಕ್ಕನ ನೆರಳಿನಲ್ಲಿಯೇ ಬೆಳೆದವು.

ಬೀಜದ ಕಥೆಗೆ ಬರುತ್ತೇನೆ. ದೀಪಾವಳಿಗೆ ಮೊದಲು ಬೀಜವನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ, ಸಣ್ಣ ಸ್ಟೀಲ್ ಡಬ್ಬಿಯಲ್ಲಿಟ್ಟು ಫ್ರಿಜ್ಜಿನ ಮೂಲೆಗೆ ಸೇರಿಸಿದೆ. ಸುಮಿತ್ರ ನೋಡಿ, "ಮಾವ, ಈ ಡಬ್ಬೀಲಿ ಏನು?" ಎಂದಳು. "ಪ್ರಸಾದ" ಎಂದೆ. ಪಾಪ, ಅವಳು ಒಂದು ತಿಂಗಳು ಆ ಡಬ್ಬಿಯ ಪಕ್ಕ ಮೊಟ್ಟೆ ಇಡಲಿಲ್ಲ.

ಬಚ್ಚಲಿನ ಹಿಂದೆ ಅಕ್ಕ ದಂಟು, ಕೊತ್ತಂಬರಿ ಹಾಕುವ ಮಡಿ. ಅದರ ಕೊನೆಗೆ, ನುಗ್ಗೆ ಮರದ ನೆರಳು ಬೀಳುವ ಕಡೆ, ಕೆಮ್ಮಣ್ಣಿಗೆ ಒಣಗೆಲೆ ಗೊಬ್ಬರ ಬೆರೆಸಿ ಬಿತ್ತಿದೆ. ಈ ಬೀಜಕ್ಕೆ ಮಣ್ಣು ಮುಚ್ಚಬಾರದು, ಬೆಳಕು ಕಾಣಬೇಕು. ಕಾಣಿಸಿದರೆ ಇರುವೆ ಹೊರುತ್ತದೆ. ಹೊತ್ತಿಗೊಂದು ಸಲ ಹೋಗಿ ಇರುವೆ ಕಾಯ್ದೆ. ನಲವತ್ತು ದಿನ ಏನೂ ಇಲ್ಲ. ಆಮೇಲೆ ಒಂದು ಬೆಳಿಗ್ಗೆ ಒಂಬತ್ತು ಮೊಳಕೆ. ನೀರು ಹೆಚ್ಚಾಗಿ ಮೂರು ಕೊಳೆತವು, ಎರಡನ್ನು ಕೋಳಿ ಕೆದರಿತು, ನಾಲ್ಕು ಉಳಿದವು. ಬೇಸಿಗೆಯಲ್ಲಿ ಆ ನಾಲ್ಕಕ್ಕೆ ನಾನು ಪಟ್ಟ ಪಾಡು ಮಕ್ಕಳಿಗೂ ಪಟ್ಟಿರಲಿಲ್ಲ. ಯಾರೋ ಪಾಲಿಹೌಸಿನವರು ಬಿಸಾಡಿದ ಹಸಿರು ಬಲೆ ತಂದು ಚಪ್ಪರ ಕಟ್ಟಿದೆ. ಮಧ್ಯಾಹ್ನ ಫ್ರಿಜ್ಜಿನಿಂದ ಮಂಜುಗಡ್ಡೆ ಕದ್ದು ಬುಡದ ಸುತ್ತ ಇಟ್ಟೆ. ಅಕ್ಕ ಅದನ್ನು ನೋಡಿ, "ಲೇ ಚಿನ್ನಪ್ಪ, ನಂಗೆ ಜ್ವರ ಬಂದಾಗ ಒಂದು ಒದ್ದೆ ಬಟ್ಟೆ ಹಾಕ್ದೋನಲ್ಲ ನೀನು" ಎಂದಳು.

ಎಲೆ ಮಾತ್ರ ಬಹಳ ಚೆಂದ. ಕೊತ್ತಂಬರಿಯನ್ನು ಸ್ವಲ್ಪ ದೊಡ್ಡದು ಮಾಡಿ, ಮೇಲೆ ನೀಲಿ ಪುಡಿ ಉದುರಿಸಿದ ಹಾಗೆ. ಹೂವಿಲ್ಲದೆ ಒಂದು ವರ್ಷ ಕಳೆಯಿತು. ಅಕ್ಕನಿಗೆ ಅದನ್ನು ಸಹಿಸಲಾಗಲಿಲ್ಲ. ಒಂದು ದಿನ ಕುಡುಗೋಲು ಹಿಡಿದು ನಿಂತಳು.

"ಇದೇನ್ಲಾ ಇದು? ತಿನ್ನಕ್ಕಾಗಲ್ಲ, ಮುಡಿಯಕ್ಕಾಗಲ್ಲ. ಕಿತ್ತು ಮೆಂತ್ಯ ಹಾಕ್ತೀನಿ."

"ಬೇಡಕ್ಕ! ಅದು ಔಷಧಿ ಗಿಡ."

"ಯಾತಕ್ಕೆ ಔಷಧಿ?"

ಅವಳು ಆಗ ಎಡಗೈಯನ್ನು ಮಂಡಿಯ ಮೇಲೆ ಊರಿ ನಿಂತಿದ್ದಳು. ನನ್ನ ಕಣ್ಣು ಅಲ್ಲಿಗೆ ಹೋಯಿತು. "ಮಂಡಿ ನೋವಿಗೆ" ಎಂದೆ. "ಊಟೀಲಿ ಒಬ್ರು ದೊಡ್ಡ ಪಂಡಿತರು ಕೊಟ್ರು."

ಅಕ್ಕ ಕುಡುಗೋಲು ಕೆಳಗಿಳಿಸಿದಳು. ಅಷ್ಟೇ ಆದದ್ದು. ಎಷ್ಟು ಸುಲಭವಾಗಿ ಬಂತು ಆ ಮಾತು! ಕದ್ದದ್ದೆಂದು ಹೇಳಿದರೆ ಊರಿನ ಮಾನದ ಭಾಷಣ ಮಾಡಿದ ನನ್ನ ಮಾನ ಏನಾಗಬೇಕು? ವಿಷದ ಗಿಡ ಎಂದರೆ ಆ ಕ್ಷಣವೇ ಕಿತ್ತೊಗೆಯುತ್ತಿದ್ದಳು. ಗಿಡ ಉಳಿಯಿತು. ನಾನು ಅದನ್ನೇ ಜಾಣತನ ಎಂದುಕೊಂಡೆ.

ಸಂಕ್ರಾಂತಿ ಕಳೆದು ಎರಡು ವಾರಕ್ಕೆ ನಾಲ್ಕರಲ್ಲಿ ಒಂದು ಗಿಡ ಮೊಗ್ಗು ಬಿಟ್ಟಿತು. ಒಂದೇ ಮೊಗ್ಗು, ಕತ್ತು ಬಗ್ಗಿಸಿಕೊಂಡು. ನಾನು ದಿನಕ್ಕೆ ಹತ್ತು ಸಲ ನೋಡಿ ಬರುತ್ತಿದ್ದೆ. ನಾಲ್ಕನೆಯ ದಿನ ಸನಿಕೆಗೆ ಮರದ ಕಾವು ಹಾಕಿಸಲು ಮುಳಬಾಗಿಲಿಗೆ ಹೋಗಬೇಕಾಯಿತು. ವಾಪಸು ಬಂದಾಗ ಊಟದ ಹೊತ್ತು ಮೀರಿತ್ತು. ಅಕ್ಕ ಊಟ ಮುಗಿಸಿ ಪಡಸಾಲೆಯ ಮಂಚದ ಮೇಲೆ ಒರಗಿದ್ದಳು. "ಬೆರಕೆ ಸೊಪ್ಪು ಮಾಡಿದೀನಿ, ಕೈಕಾಲು ತೊಳ್ಕೊಂಡು ಬಾ" ಎಂದಳು. ನಾನು ನೀರಿನ ಚೆಂಬು ಹಿಡಿದು ಬಚ್ಚಲ ಹಿಂದೆ ಹೋದೆ.

ನಾಲ್ಕೂ ಗಿಡ ಬೋಳು. ಬೆರಳಲ್ಲಿ ಚಿವುಟಿದ ತೊಟ್ಟುಗಳಲ್ಲಿ ಇನ್ನೂ ಹನಿ ನಿಂತಿತ್ತು. ಮೊಗ್ಗೂ ಇರಲಿಲ್ಲ.

ಈಗ ಹೇಳುವ ಮಾತು ನನ್ನ ಬಾಯಿಗೆ ಕಹಿ. ಆ ಹೊತ್ತು ನನಗೆ ಮೊದಲು ದುಃಖವಾದದ್ದು ಮೊಗ್ಗಿಗೆ. ಅಯ್ಯೋ ನನ್ನ ಮೊಗ್ಗು ಎಂದು ಮಡಿಯ ಪಕ್ಕ ಕುಕ್ಕರುಗಾಲಲ್ಲಿ ಕೂತುಬಿಟ್ಟೆ. ಎಷ್ಟು ಹೊತ್ತೋ ತಿಳಿಯದು. ಆಮೇಲೆ ಎಲೆ ಎಲ್ಲಿಗೆ ಹೋಗಿರಬಹುದು ಎಂಬುದು ಹೊಳೆಯಿತು, ಕೈಯಲ್ಲಿದ್ದ ಚೆಂಬು ಜಾರಿತು.

ಒಳಗೆ ಓಡಿದೆ. "ಅಕ್ಕ, ಆ ಗಿಡದ ಸೊಪ್ಪು..."

"ಹೂಂ ಕಣೋ, ಸಾರಿಗೆ ಹಾಕ್ದೆ. ನೀನೇ ಹೇಳಿದ್ಯಲ್ಲ ಮಂಡಿಗೆ ಒಳ್ಳೇದು ಅಂತ. ಚಳೀಗೆ ನೋವು ತಡೆಯಕ್ಕಾಗ್ಲಿಲ್ಲ. ಮಂಜು, ಸುಮಿತ್ರನೂ ತಿನ್ಲಿ ಅಂತ ಜಾಸ್ತೀನೇ ಮಾಡಿದೀನಿ."

ನಾನು ಅಡುಗೆಮನೆಗೆ ಹೋಗಿ ಸಾರಿನ ಪಾತ್ರೆಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಹಿತ್ತಲ ಬಾಗಿಲಿಗೆ ಬಂದು, ಹೊಸ್ತಿಲು ಎಡವಿದವನಂತೆ ನಟಿಸಿ ಮೋರಿಗೆ ಚೆಲ್ಲಿದೆ. ಮನೆಯವರನ್ನು ಉಳಿಸಲು ನಿಜ ಹೇಳಬಹುದಿತ್ತು. ನಾನು ಸಾರು ಚೆಲ್ಲಿದೆ. ಸದ್ದು ಕೇಳಿ ಅಕ್ಕ ಎದ್ದು ಬಂದಳು. ಅವಳಿಗೆ ಸಿಟ್ಟು ಬಂದರೆ ತೆಲುಗು ಬರುತ್ತದೆ.

"ಏಮಿರಾ ಇದಿ! ಕಣ್ಣು ಕಾಣಲ್ವಾ ನಿಂಗೆ? ಬೆಳಿಗ್ಗೆಯಿಂದ ಕೆರೆ ಸುತ್ತಿ ತಂದಿದ್ದೆ. ಪೋರಾ, ಉಪ್ಪು ಹಾಕ್ಕೊಂಡು ಬರೀ ಮುದ್ದೆ ನುಂಗು ಹೋಗು!"

ಅಷ್ಟರಲ್ಲಿ ಪಕ್ಕದ ಮನೆಯ ಕೋಳಿಗಳು ಮೋರಿಗೆ ಮುತ್ತಿದವು. ಹಷ್ ಹಷ್ ಎಂದು ನಾನು ಟವೆಲ್ಲು ಬೀಸುತ್ತಾ ಹಿತ್ತಲ ತುಂಬ ಓಡಿದೆ. ಒಂದು ಕೆಂಪು ಹೇಂಟೆ ಬಾಯಿತುಂಬ ತಿಂದು ಹೋಗಿ ಗೋಡೆಯ ಬುಡದಲ್ಲಿ ಕೂತಿತು. ಕಣ್ಣು ಮುಚ್ಚಿತು. ಕತ್ತು ಒಳಗೆಳೆದುಕೊಂಡಿತು. ಹತ್ತಿರ ಹೋಗಿ ಕಡ್ಡಿಯಿಂದ ತಿವಿದೆ. ಅದು ಕೆಕ್ಕರಿಸಿ ನೋಡಿ ಎದ್ದು ಹೋಯಿತು. ಅದರ ಮಧ್ಯಾಹ್ನದ ನಿದ್ದೆ ಕೆಡಿಸಿದ್ದೆ, ಅಷ್ಟೇ.

ಅಕ್ಕ ಮತ್ತೆ ಮಲಗಿದಳು. ನಾನು ಕಂಬಕ್ಕೆ ಒರಗಿ ಅವಳನ್ನೇ ನೋಡುತ್ತಾ ಕೂತೆ. ನೀವು ಯಾರಾದರೂ ಉಸಿರಾಡುವುದನ್ನು ಎಣಿಸಿದ್ದೀರಾ? ಎರಡು ಉಸಿರಿನ ನಡುವೆ ಎಷ್ಟು ಜಾಗವಿದೆ ಎಂದು ಆಗ ಗೊತ್ತಾಗುತ್ತದೆ. ಒಮ್ಮೆ ಅದು ನಿಂತೇ ಹೋಯಿತೆನ್ನಿಸಿ ತೆವಳಿಕೊಂಡು ಹೋಗಿ ಅವಳ ಮೂಗಿನ ಕೆಳಗೆ ಬೆರಳು ಹಿಡಿದೆ. ಅಕ್ಕ ಕಣ್ಣು ಬಿಟ್ಟಳು.

"ಏನ್ಲಾ, ಸತ್ತಿದೀನಾ ಅಂತ ನೋಡ್ತಿದೀಯಾ?"

"ಇಲ್ಲಕ್ಕ, ನೊಣ ಕೂತಿತ್ತು. ನಾಲಿಗೆ ಏನಾದ್ರೂ ಉರೀತಿದೆಯಾ?"

"ನಿನ್ನ ಕಾಟಕ್ಕೆ ಹೊಟ್ಟೆ ಉರೀತಿದೆ. ಮಲಗಕ್ಕೆ ಬಿಡು."

ಅವಳು ಮಗ್ಗುಲಾದಳು. ಆ ಬೆನ್ನು ನೋಡುತ್ತಿದ್ದಾಗ ನನ್ನೊಳಗೆ ಒಂದು ಯೋಚನೆ ಬಂತು. ಅಕ್ಕನಿಗೆ ಎಪ್ಪತ್ತಾರು. ಏನಾದರೂ ಆದರೆ ವಯಸ್ಸಾಗಿತ್ತು ಎನ್ನುತ್ತಾರೆ. ಸಾರು ಮೋರಿ ಸೇರಿದೆ. ಯಾರಿಗೂ ಗೊತ್ತಾಗುವುದಿಲ್ಲ. ಆ ಯೋಚನೆ ಬಂದು ಎಷ್ಟು ಹೊತ್ತು ಕೂತಿತ್ತೆಂದರೆ, ಸಂಜೆ ಮಗ ಬಂದರೆ ಯಾವ ಮುಖ ಮಾಡಿಕೊಂಡು ಏನು ಹೇಳಬೇಕು ಎಂಬುದನ್ನೂ ಮನಸ್ಸು ಜೋಡಿಸಿಬಿಟ್ಟಿತು. ಅಲ್ಲಿಯವರೆಗೆ ವಿಷಕ್ಕೆ ಹೆದರಿದ್ದೆ. ಆಮೇಲೆ ನನಗೆ ನಾನೇ ಹೆದರಿದೆ. ಅಂಥ ಭಯ ನಿಮಗೆ ಬಾರದಿರಲಿ. ಓಡಿಹೋಗಲು ಜಾಗವೇ ಇರುವುದಿಲ್ಲ.

"ಅಕ್ಕ, ಏಳು. ಅದು ಔಷಧಿ ಅಲ್ಲ. ವಿಷದ ಗಿಡ. ನಾನು ಸುಳ್ಳು ಹೇಳಿದ್ದೆ."

ಅಕ್ಕ ಎದ್ದು ಕೂತಳು. ಬೈಯುತ್ತಾಳೆ, ತೆಲುಗು ಬರುತ್ತದೆ ಎಂದು ಕಾದೆ. ಬರಲಿಲ್ಲ. "ಬೀಜ ಕದ್ದು ತಂದಿದ್ದು. ಪಂಡಿತರು ಯಾರೂ ಇಲ್ಲ" ಎಂದೂ ಸೇರಿಸಿದೆ. ಅವಳು ಮೆಲ್ಲಗೆ, "ತಲೆ ತಿರುಗ್ತಿದೆ ಕಣೋ" ಎಂದಳು. ಹೇಳುವ ತನಕ ಗಟ್ಟಿಯಾಗಿದ್ದವಳು ಹೇಳಿದ ಮೇಲೆ ಬಿಳಿಚಿಕೊಂಡಳು. ವಿಷದ ಕೆಲಸವೋ ನನ್ನ ಮಾತಿನ ಕೆಲಸವೋ ಇವತ್ತಿಗೂ ಗೊತ್ತಿಲ್ಲ.

ಸುಮಿತ್ರಳಿಗೆ ಫೋನು ಮಾಡಿದೆ. ಅವಳು ಆಟೋ ಹಿಡಿದು ಬಂದು ನಮ್ಮಿಬ್ಬರನ್ನೂ ಹತ್ತಿಸಿಕೊಂಡಳು. ಮುಳಬಾಗಿಲಿನ ಆಸ್ಪತ್ರೆಯಲ್ಲಿ ಚಿಕ್ಕ ವಯಸ್ಸಿನ ಡಾಕ್ಟರಮ್ಮ ಇದ್ದರು. ಯಾಕೆ ತಿಂದಿರಿ ಎಂದದ್ದಕ್ಕೆ ಅಕ್ಕ, ಮಂಡಿ ನೋವಿಗೆ ಎಂದಳು. ಗಿಡದ ಹೆಸರು ಕೇಳಿದರು. ಹೇಳಿದೆ. ಫೋನಿನಲ್ಲಿ ನೋಡಿದರು, ಇನ್ಯಾರಿಗೋ ಫೋನು ಮಾಡಿ ಕೇಳಿದರು.

"ಬೀಜ, ಬೇರು ತಿಂದಿದ್ರೆ ಕಷ್ಟ ಇತ್ತು. ಬೆಂದಿರೋ ಎಲೆ, ಅದೂ ಸ್ವಲ್ಪ. ಆದ್ರೂ ಇವತ್ತು ಇಲ್ಲೇ ಇರ್ಲಿ, ನೋಡೋಣ" ಎಂದರು. ಆಮೇಲೆ ಅಕ್ಕನ ಕಡೆ ತಿರುಗಿ, "ಅಜ್ಜಿ, ಇದು ಮಂಡಿಗೆ ಒಳ್ಳೇದು ಅಂತ ಯಾರು ಹೇಳಿದ್ದು ನಿಮ್ಗೆ?" ಎಂದು ಕೇಳಿದರು.

ಅಕ್ಕ ಬಾಯಿ ಬಿಡಲಿಲ್ಲ. ಸುಮ್ಮನಿರುವುದು ಅವಳಿಗೆ ಹೊಸದಲ್ಲವಲ್ಲ. "ನಾನು" ಎಂದೆ. ಸುಮಿತ್ರ ನನ್ನನ್ನು ಒಮ್ಮೆ ನೋಡಿ ತಲೆ ಬಗ್ಗಿಸಿದಳು. ನನ್ನ ಇಡೀ ಬದುಕಿನಲ್ಲಿ ಅಷ್ಟು ಭಾರದ ಮಾತು ಇನ್ನೊಂದು ಆಡಿಲ್ಲ.

ಮಾರನೆಯ ದಿನ ಮನೆಗೆ ಬಂದೆವು. ಅಕ್ಕನಿಗೆ ಏನೂ ಆಗಲಿಲ್ಲ. ಅಂದರೆ ಆಸ್ಪತ್ರೆಯವರು ನೋಡುವಂಥದ್ದು ಏನೂ ಆಗಲಿಲ್ಲ. ಬರುವಾಗ ಆಟೋದಲ್ಲಿ ಒಂದೇ ಮಾತಾಡಿದಳು.

"ಚಿವುಟೋವಾಗ ನನ್ನ ಕೈ ಬೇಡ ಅಂತು ಕಣೋ. ವಾಸನೆ ಸರಿ ಇರ್ಲಿಲ್ಲ. ನನ್ನ ತಮ್ಮ ಓದಿದೋನು, ಅವನಿಗೆ ಗೊತ್ತಿರುತ್ತೆ ಅಂತ ಹಾಕ್ದೆ."

ಮನೆಗೆ ಬಂದವನೇ ಗುದ್ದಲಿ ತೆಗೆದುಕೊಂಡು ಗಿಡಗಳ ಬುಡಕ್ಕೆ ಹೋದೆ. ಅಕ್ಕ ಬಾಗಿಲಲ್ಲಿ ನಿಂತು, "ಗಿಡ ಯಾಕೆ ಕೀಳ್ತೀಯ? ಸುಳ್ಳು ಹೇಳಿದ್ದು ಅದಾ?" ಎಂದಳು. ಅಗೆದದ್ದನ್ನು ಕುಂಡಗಳಿಗೆ ಇಳಿಸಿ, ಯಾರ ಕೈಗೂ ಸಿಗದಂತೆ ತಾರಸಿಯ ಮೇಲಿಟ್ಟೆ. ತಗಡಿನ ಮೇಲೆ ಕೆಂಪು ಬಣ್ಣದಲ್ಲಿ 'ವಿಷ, ತಿನ್ನಬಾರದು' ಎಂದು ಬರೆದು ಸಿಕ್ಕಿಸಿದೆ. ಮೂರು ಸತ್ತು, ಒಂದು ಮತ್ತೆ ಚಿಗುರಿ ಶಿವರಾತ್ರಿ ಕಳೆದ ಮೇಲೆ ಹೂ ಬಿಟ್ಟಿತು. ನಾನು ಆ ಕಡೆ ಹೆಚ್ಚು ಹೋಗಲಿಲ್ಲ. ಸುಮಿತ್ರ ಫೋಟೋ ತೆಗೆದು ತೋರಿಸಿದಳು.

ಅಕ್ಕ ಅಡುಗೆ ಮಾಡುತ್ತಿದ್ದಳು, ಮಾತಾಡುತ್ತಿದ್ದಳು, ಬೈಯುತ್ತಲೂ ಇದ್ದಳು. ಆದರೆ ಸೊಪ್ಪಿನ ಬುಟ್ಟಿ ಮೊಳೆಯಿಂದ ಇಳಿಯಲಿಲ್ಲ. ಮಂಜು ಪೇಟೆಯಿಂದ ಪಾಲಕ್ಕು, ಮೆಂತ್ಯ ತಂದರೆ ಅದನ್ನೂ ಎರಡೆರಡು ಸಲ ಬಿಡಿಸಿ, ಎಲೆ ಎಲೆ ತಿರುಗಿಸಿ ನೋಡುತ್ತಿದ್ದಳು. ಅರವತ್ತು ವರ್ಷ ಕೆರೆಯಂಚಿನಲ್ಲಿ ಕಣ್ಣು ಮುಚ್ಚಿಕೊಂಡು ಸೊಪ್ಪು ಕಿತ್ತ ಕೈ ಅದು. ಪಕ್ಕದ ಮನೆಯವರು, "ವೆಂಕಟಮ್ಮಕ್ಕ, ಬೆರಕೆ ಸೊಪ್ಪು ತಂದಿಲ್ವಾ ಈ ಸಲ?" ಎಂದರೆ, "ಮಂಡಿ ನೋವು" ಎನ್ನುತ್ತಿದ್ದಳು. ಆಗೆಲ್ಲ ನಾನು ಎದ್ದು ಹೊರಗೆ ಹೋಗುತ್ತಿದ್ದೆ. ಅಕ್ಕ ಬದುಕಿದಳು ನಿಜ. ಆದರೆ ಅವಳ ಬೆರಳಿಗೆ ಗೊತ್ತಿದ್ದದ್ದನ್ನೆಲ್ಲ ನಾನು ಕೊಂದುಹಾಕಿದೆನೇ ಎಂಬ ಹೊಸ ಹೆದರಿಕೆ ಹಿಡಿಯಿತು. ಅದಕ್ಕೆ ಯಾವ ಆಸ್ಪತ್ರೆಗೆ ಹೋಗಬೇಕು?

ಮಳೆಗಾಲ ಹಿಡಿದ ಮೇಲೆ ಒಂದು ದಿನ ಬುಟ್ಟಿಯನ್ನು ನಾನೇ ಇಳಿಸಿ, "ಅಕ್ಕ, ನಡಿ, ನಾನು ಕೀಳ್ತೀನಿ, ನೀನು ಕೂತು ಹೇಳು ಸಾಕು" ಎಂದೆ. ಬೇಡ ಎಂದಳು. ಮರುದಿನ ಕೇಳಿದೆ, ಬೇಡ ಎಂದಳು. ನಾಲ್ಕನೆಯ ದಿನ, "ನಿನ್ನ ಪೀಡೆ ತಾಳಕ್ಕಾಗಲ್ಲ" ಎಂದು ಕೋಲು ತೆಗೆದುಕೊಂಡು ಹೊರಟಳು.

ಕೆರೆಯ ಏರಿಯ ಕೆಳಗೆ ಒಂದು ಕಲ್ಲಿನ ಮೇಲೆ ಕೂತಳು. ನಾನು ಬಗ್ಗಿ ಬಗ್ಗಿ ಕಿತ್ತು ತಂದು ಅವಳ ಮುಂದೆ ಸುರಿದೆ. ಅದರಲ್ಲಿ ಹುಲ್ಲೂ ಇತ್ತು. ಅವಳು ಒಂದು ಕುಡಿ ತೆಗೆದು ಬೆರಳಲ್ಲಿ ಉಜ್ಜಿ ಮೂಗಿಗೆ ಹಿಡಿದಳು. ಇಳಿಸಿದಳು. ಮತ್ತೆ ಹಿಡಿದಳು. ಆಮೇಲೆ ಅದನ್ನು ನನ್ನ ಕಡೆ ಚಾಚಿದಳು.

"ನೋಡೋ ಚಿನ್ನಪ್ಪ. ಇದು ಹೊನಗೊನ್ನೆನೇ ತಾನೆ?"

ಹೂಂ ಎನ್ನುವುದು ನಾಲಿಗೆಯ ತುದಿಗೇ ಬಂದಿತ್ತು. ಎಲೆ ಹೊನಗೊನ್ನೆಯ ಹಾಗೆಯೇ ಇತ್ತು. ಹೂಂ ಎಂದಿದ್ದರೆ ಅಕ್ಕನ ಮುಖ ಅರಳುತ್ತಿತ್ತು, ಬುಟ್ಟಿ ತುಂಬುತ್ತಿತ್ತು. ಆದರೆ ನನಗೆ ಖಂಡಿತವಾಗಿ ಗೊತ್ತಿರಲಿಲ್ಲ. ಯಾವತ್ತೂ ಗೊತ್ತಿರಲಿಲ್ಲ.

"ನಂಗೊತ್ತಿಲ್ಲಕ್ಕ" ಎಂದೆ.

ಅಕ್ಕ ಆ ಕುಡಿಯಿಂದ ಒಂದು ಎಲೆ ಕಿತ್ತು, ನಾನು ಬೇಡ ಎನ್ನುವಷ್ಟರಲ್ಲಿ ಬಾಯಿಗೆ ಹಾಕಿಕೊಂಡು ಕಣ್ಣು ಮುಚ್ಚಿ ಅಗಿದಳು. ಅವಳ ಗಂಟಲು ಏರಿ ಇಳಿಯುವವರೆಗೆ ನಾನು ಉಸಿರು ಬಿಡಲಿಲ್ಲ.

"ಹೊನಗೊನ್ನೆನೇ" ಎಂದಳು ಅಕ್ಕ. ಕುಡಿಯನ್ನು ಮಡಿಲಿಗೆ ಹಾಕಿಕೊಂಡು ಮುಂದಿನದಕ್ಕೆ ಕೈ ಚಾಚಿದಳು.